ಬಡ್ಡಿಯ ಲೆಕ್ಕ, ಜನರ ಲೆಕ್ಕ

2023ರ ಫೆಬ್ರವರಿಯಲ್ಲಿ ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿಯಿಂದ ಕೆಲವು ಯುವಕರು ಮಲೆ ಮಹದೇಶ್ವರ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೊರಟರು. ಹೆಚ್ಚಿನವರು ರೈತರ ಮಕ್ಕಳು. ವಯಸ್ಸು ಮೂವತ್ತರ ಆಸುಪಾಸು. ಮದುವೆಗೆ ಹೆಣ್ಣು ಸಿಗುತ್ತಿಲ್ಲ, ಮಾದಪ್ಪನಲ್ಲಿ ಹರಕೆ ಹೊತ್ತು ಬರುತ್ತೇವೆ ಎಂಬುದು ಅವರ ಮಾತು. ‘ಬ್ರಹ್ಮಚಾರಿಗಳ ಪಾದಯಾತ್ರೆ’ ಎಂದು ಅದಕ್ಕೆ ಹೆಸರಾಯಿತು. ಪತ್ರಿಕೆಗಳು ಬರೆದವು, ಟಿ.ವಿ.ಗಳು ತೋರಿಸಿದವು, ಕೆಲವರು ನಕ್ಕರು. ನಗುವ ವಿಷಯ ಅದಾಗಿರಲಿಲ್ಲ.

ಇನ್ನೊಂದು ಕಡೆ, ಪ್ರತಿ ವರ್ಷ ಜುಲೈ 11ರಂದು ವಿಶ್ವ ಜನಸಂಖ್ಯಾ ದಿನ ಬಂತೆಂದರೆ ನಮ್ಮ ಶಾಲಾ ಕಾಲೇಜುಗಳಲ್ಲಿ ಪ್ರಬಂಧ ಸ್ಪರ್ಧೆಗಳು ನಡೆಯುತ್ತವೆ. ವಿಷಯ ಹೆಚ್ಚಾಗಿ ಒಂದೇ: ‘ಜನಸಂಖ್ಯಾ ಸ್ಫೋಟ’. ಮಕ್ಕಳು ಅದೇ ಮಾತುಗಳನ್ನು ಬರೆಯುತ್ತಾರೆ. ಜನ ದುಪ್ಪಟ್ಟಾಗುತ್ತಾರೆ, ನಾಲ್ಕು ಪಟ್ಟಾಗುತ್ತಾರೆ, ಎಂಟು ಪಟ್ಟಾಗುತ್ತಾರೆ, ಅನ್ನ ಸಾಲದು, ನೀರು ಸಾಲದು. ಒಂದು ಕಡೆ ಮದುವೆಯೇ ಆಗದೆ ಉಳಿದ ಯುವಕರು, ಇನ್ನೊಂದು ಕಡೆ ಸ್ಫೋಟದ ಪ್ರಬಂಧ. ಎರಡೂ ಒಂದೇ ತಾಲ್ಲೂಕಿನಲ್ಲಿ ಹೇಗೆ ನಿಜವಾಗಿರಲು ಸಾಧ್ಯ? ಈ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ.

ಸ್ಫೋಟದ ಮಾತಿನ ಹಿಂದೆ ಗಣಿತದ ಒಂದು ಸೂತ್ರವಿದೆ. ಗಣಿತವೆಂದ ಮೇಲೆ ಅದನ್ನು ಪ್ರಶ್ನಿಸುವವರು ಕಡಿಮೆ. ಸೂತ್ರದಲ್ಲಿ ತಪ್ಪಿಲ್ಲ, ನಿಜ. ಆದರೆ ಸೂತ್ರವನ್ನು ಓದುವ ರೀತಿಯಲ್ಲಿ ತಪ್ಪಿರಬಹುದಲ್ಲವೇ? ಕಾವ್ಯವನ್ನು ವಿಮರ್ಶಿಸುವ ನಾವು, ಭಾಷಣವನ್ನು ವಿಮರ್ಶಿಸುವ ನಾವು, ನಮ್ಮ ಬದುಕಿನ ಮೇಲೆ ಇಷ್ಟೊಂದು ಅಧಿಕಾರ ನಡೆಸುವ ಒಂದು ಲೆಕ್ಕವನ್ನೂ ವಿಮರ್ಶಿಸಬೇಕಾಗಿದೆ.

ಸೂತ್ರ ಹೇಳುವುದೇನು?

ಮಂಡ್ಯ ಸೀಮೆಯ ರೈತನಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಇದು ಚಕ್ರಬಡ್ಡಿಯ ಲೆಕ್ಕ. ಬಡ್ಡಿಯ ವಿಷಯದಲ್ಲಿ ನಮ್ಮ ಓದುಗರ ನಿಲುವು ಏನೇ ಇರಲಿ, ಅದು ಬೆಳೆಯುವ ಬಗೆಯಂತೂ ಎಲ್ಲರಿಗೂ ಗೊತ್ತು. ಒಂದು ರೂಪಾಯಿಗೆ ವರ್ಷಕ್ಕೆ ನೂರಕ್ಕೆ ನೂರು ಬಡ್ಡಿ ಎಂದಿಟ್ಟುಕೊಳ್ಳೋಣ. ವರ್ಷಕ್ಕೊಮ್ಮೆ ಬಡ್ಡಿ ಸೇರಿಸಿದರೆ ಎರಡು ರೂಪಾಯಿ. ಆರು ತಿಂಗಳಿಗೊಮ್ಮೆ ಸೇರಿಸಿ ಬಡ್ಡಿಯ ಮೇಲೂ ಬಡ್ಡಿ ಹಾಕಿದರೆ 2.25. ತಿಂಗಳಿಗೊಮ್ಮೆಯಾದರೆ 2.61. ದಿನಕ್ಕೊಮ್ಮೆಯಾದರೆ 2.71. ಕ್ಷಣಕ್ಷಣಕ್ಕೂ ಸೇರಿಸುತ್ತ ಹೋದರೂ ಅದು 2.718ರ ಹತ್ತಿರ ಬಂದು ನಿಲ್ಲುತ್ತದೆ. 1683ರಲ್ಲಿ ಸ್ವಿಟ್ಜರ್‌ಲೆಂಡಿನ ಯಾಕೋಬ್ ಬರ್ನೂಲಿ ಇದನ್ನು ಗಮನಿಸಿದ್ದು ಬಡ್ಡಿಯ ಲೆಕ್ಕದಲ್ಲಿಯೇ. ಮುಂದೆ ಅದೇ ದೇಶದ ಆಯ್ಲರ್ ಎಂಬ ಗಣಿತಜ್ಞ ಆ ಸಂಖ್ಯೆಗೆ ‘ಇ’ ಎಂಬ ಅಕ್ಷರ ಕೊಟ್ಟ.

ಜನರ ಲೆಕ್ಕಕ್ಕೂ ಇದೇ ಸಂಖ್ಯೆ ಬಂತು. ಮಕ್ಕಳು ಒಂದೇ ದಿನ ಹುಟ್ಟುವುದಿಲ್ಲ, ವರ್ಷವಿಡೀ ಹುಟ್ಟುತ್ತಾರೆ. ಹುಟ್ಟಿದವರು ಬೆಳೆದು ಅವರಿಗೂ ಮಕ್ಕಳಾಗುತ್ತವೆ. ಆದ್ದರಿಂದ ಸೂತ್ರ ಹೀಗಾಯಿತು: ವಾರ್ಷಿಕ ದರವನ್ನು ವರ್ಷಗಳಿಂದ ಗುಣಿಸಿ, ಬಂದ ಸಂಖ್ಯೆಯನ್ನು ‘ಇ’ಯ ಘಾತವಾಗಿಟ್ಟು, ಅದರಿಂದ ಮೊದಲಿದ್ದ ಜನಸಂಖ್ಯೆಯನ್ನು ಗುಣಿಸಬೇಕು. ಇದೇ ಘಾತೀಯ ಬೆಳವಣಿಗೆಯ ಸೂತ್ರ. ಘಾತ ಎಂದು ಹೆದರುವವರಿಗೆ ಸುಲಭದ ದಾರಿಯೊಂದಿದೆ. 70ನ್ನು ಶೇಕಡಾ ದರದಿಂದ ಭಾಗಿಸಿದರೆ ಜನ ಎಷ್ಟು ವರ್ಷಗಳಲ್ಲಿ ದುಪ್ಪಟ್ಟಾಗುತ್ತಾರೆ ಎಂಬುದು ಹೆಚ್ಚುಕಡಿಮೆ ಸಿಗುತ್ತದೆ. ದರ 2 ಇದ್ದರೆ 35 ವರ್ಷ, ದರ 1 ಇದ್ದರೆ 70 ವರ್ಷ.

ಇದಕ್ಕೆ ಭಯದ ಬಣ್ಣ ಬಳಿದವನು ಇಂಗ್ಲೆಂಡಿನ ಪಾದ್ರಿ ಥಾಮಸ್ ಮಾಲ್ಥಸ್. 1798ರಲ್ಲಿ ಪ್ರಕಟವಾದ ಅವನ ಪ್ರಬಂಧದ ವಾದ ಸರಳ. ಜನ ಗುಣಿಸುತ್ತ ಬೆಳೆಯುತ್ತಾರೆ, ಆಹಾರ ಕೂಡುತ್ತ ಬೆಳೆಯುತ್ತದೆ. ಎರಡರ ನಡುವಿನ ಅಂತರವನ್ನು ಕೊನೆಗೆ ಹಸಿವು, ರೋಗ, ಯುದ್ಧಗಳೇ ತುಂಬುತ್ತವೆ. ಇದಾಗಿ 170 ವರ್ಷಗಳ ನಂತರ, 1968ರಲ್ಲಿ ಅಮೆರಿಕದ ಪಾಲ್ ಎರ್ಲಿಕ್ ಜನಸಂಖ್ಯೆಯನ್ನು ‘ಬಾಂಬ್’ ಎಂದು ಕರೆದು ಪುಸ್ತಕ ಬರೆದ. ಎಪ್ಪತ್ತರ ದಶಕದಲ್ಲಿ ಕೋಟಿಗಟ್ಟಲೆ ಜನ ಹಸಿವಿನಿಂದ ಸಾಯುತ್ತಾರೆ ಎಂದ. ಆ ಭಯ ನಮ್ಮ ದೇಶಕ್ಕೂ ಬಂತು. ತುರ್ತು ಪರಿಸ್ಥಿತಿಯ 1976–77ರ ಒಂದೇ ವರ್ಷದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು. ಎಷ್ಟೋ ಕಡೆ ಬಲವಂತದಿಂದ, ಗುರಿ ತಲುಪುವ ಆತುರದಿಂದ. ಲೆಕ್ಕವೊಂದು ಕಾಗದದಿಂದ ಇಳಿದು ಬಡವನ ಮೈಮೇಲೆ ಬಂದ ಕಥೆಯಿದು.

ಮಂಡ್ಯದ ಮೇಲೆ ಸೂತ್ರವಿಟ್ಟು ನೋಡೋಣ

1961ರ ಗಣತಿಯಲ್ಲಿ ಮಂಡ್ಯ ಜಿಲ್ಲೆಯ ಜನ ಸುಮಾರು 9 ಲಕ್ಷ. 1971ರಲ್ಲಿ ಸುಮಾರು ಹನ್ನೊಂದೂವರೆ ಲಕ್ಷ. ಹತ್ತೇ ವರ್ಷಗಳಲ್ಲಿ ಎರಡೂವರೆ ಲಕ್ಷ ಹೆಚ್ಚಳ. ಸೂತ್ರದ ಪ್ರಕಾರ ಇದು ವರ್ಷಕ್ಕೆ ಶೇಕಡಾ ಎರಡೂವರೆಯ ದರ. ಅಂದರೆ 28 ವರ್ಷಕ್ಕೆ ಜನ ದುಪ್ಪಟ್ಟು. 1971ರಲ್ಲಿ ಒಬ್ಬ ಗಣಿತದ ಮೇಷ್ಟ್ರು ಕಪ್ಪುಹಲಗೆಯ ಮುಂದೆ ನಿಂತು 2011ರ ಜನಸಂಖ್ಯೆ ಎಷ್ಟೆಂದು ಹೇಳಬೇಕಾಗಿತ್ತು ಎಂದುಕೊಳ್ಳಿ. 40 ವರ್ಷವನ್ನು ಎರಡೂವರೆಯಿಂದ ಗುಣಿಸಿದರೆ ನೂರು. ಶೇಕಡಾ ನೂರೆಂದರೆ ಒಂದು. ‘ಇ’ಯ ಘಾತ ಒಂದಾದರೆ ಸಿಗುವುದು ‘ಇ’ಯೇ. ಆದ್ದರಿಂದ ಹನ್ನೊಂದೂವರೆ ಲಕ್ಷವನ್ನು 2.718ರಿಂದ ಗುಣಿಸಿದರೆ ಸಾಕು. ಉತ್ತರ 31 ಲಕ್ಷ ಚಿಲ್ಲರೆ.

2011ರ ಗಣತಿಯಲ್ಲಿ ನಿಜಕ್ಕೂ ಸಿಕ್ಕಿದ್ದು ಎಷ್ಟು? 18,05,769.

ಮೇಷ್ಟ್ರ ಲೆಕ್ಕ ಸರಿಯಿತ್ತು, ಉತ್ತರ ಮಾತ್ರ 13 ಲಕ್ಷ ತಪ್ಪಿತು. ಹದಿಮೂರು ಲಕ್ಷವೆಂದರೆ ಇನ್ನೊಂದು ಜಿಲ್ಲೆಯಷ್ಟು ಜನ. ಅವರು ಸತ್ತು ಹೋದವರಲ್ಲ, ಕಳೆದು ಹೋದವರಲ್ಲ. ಸೂತ್ರ ಕಲ್ಪಿಸಿಕೊಂಡಿದ್ದ ಜನ ಅವರು. ಅವರಲ್ಲಿ ಹೆಚ್ಚಿನವರು ಹುಟ್ಟಲೇ ಇಲ್ಲ, ಉಳಿದವರು ಬೇರೆ ಊರಿನಲ್ಲಿ ಬಾಳುತ್ತಿದ್ದಾರೆ.

ಹೀಗಾಗಲು ಕಾರಣ, ದರ ಒಂದೇ ಕಡೆ ನಿಲ್ಲಲಿಲ್ಲ. 1971ರಿಂದ 81ರ ನಡುವೆ ಅದು ವರ್ಷಕ್ಕೆ ಸುಮಾರು 2ಕ್ಕೆ ಇಳಿಯಿತು. 1991ರಲ್ಲಿ ಜಿಲ್ಲೆಯ ಜನ 16,44,374. ಆ ದಶಕದ ದರ ಒಂದೂವರೆ. 2001ರಲ್ಲಿ 17,63,705. ದರ 0.7. 2001ರಿಂದ 2011ರವರೆಗಿನ ಹತ್ತು ವರ್ಷಗಳಲ್ಲಿ ಇಡೀ ಜಿಲ್ಲೆಗೆ ಸೇರಿದವರು ಬರೀ 42 ಸಾವಿರ. ದರ 0.24. ಈ ದರದಲ್ಲಿ ಮಂಡ್ಯದ ಜನ ದುಪ್ಪಟ್ಟಾಗಲು ಸುಮಾರು 290 ವರ್ಷ ಬೇಕು. 28 ವರ್ಷ ಎಲ್ಲಿ, 290 ವರ್ಷ ಎಲ್ಲಿ! ಸ್ಫೋಟದ ಪ್ರಬಂಧ ಬರೆಯುವ ಮದ್ದೂರಿನ ಹುಡುಗನಿಗೆ, ಮಳವಳ್ಳಿಯ ಹುಡುಗಿಗೆ ತಮ್ಮದೇ ಜಿಲ್ಲೆಯ ಈ ಲೆಕ್ಕವನ್ನು ಯಾರಾದರೂ ಹೇಳಿದ್ದಾರೆಯೇ?

ದರ ಇಳಿದದ್ದು ಏಕೆ?

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಕೆಲಸ ಮೂವತ್ತರ ದಶಕದ ಮೊದಲಲ್ಲಿ ಮುಗಿಯಿತು. ಇಂದು ವಿಶ್ವೇಶ್ವರಯ್ಯ ನಾಲೆ ಎಂದು ಕರೆಯುವ ಕಾಲುವೆಯಲ್ಲಿ ನೀರು ಹರಿಯಿತು. 1933ರಲ್ಲಿ ಸಕ್ಕರೆ ಕಂಪನಿ ಸ್ಥಾಪನೆಯಾಯಿತು. 1939ರಲ್ಲಿ ಮೈಸೂರಿನಿಂದ ಬೇರ್ಪಟ್ಟು ಮಂಡ್ಯ ಜಿಲ್ಲೆಯಾಯಿತು. ರಾಗಿ ಹೊಲಗಳು ಕಬ್ಬು, ಭತ್ತದ ಗದ್ದೆಗಳಾದವು. ನೀರಿದ್ದಲ್ಲಿಗೆ ಕೂಲಿ ಹುಡುಕಿ ಜನ ಬಂದರು. ಸಿಡುಬು, ಮಲೇರಿಯಾ ಹತೋಟಿಗೆ ಬಂದವು, ಹುಟ್ಟಿದ ಮಕ್ಕಳು ಉಳಿದರು. ಅರವತ್ತರ ದಶಕದ ಎರಡೂವರೆ ದರ ಹೆಚ್ಚು ಹೆರಿಗೆಯ ಫಲವಲ್ಲ, ಕಡಿಮೆ ಸಾವಿನ ಫಲ. ಮಕ್ಕಳು ಬದುಕಿ ಉಳಿದದ್ದನ್ನು ಸ್ಫೋಟ ಎಂದು ಕರೆದ ಭಾಷೆಯ ಬಗ್ಗೆ ನಾವು ಒಮ್ಮೆ ಯೋಚಿಸಬೇಕು.

ನಂತರ ಹೆರಿಗೆಯೂ ಇಳಿಯಿತು. ಉಳಿಯುತ್ತವೆ ಎಂಬ ಧೈರ್ಯ ಬಂದ ಮೇಲೆ ತಾಯಂದಿರು ಕಡಿಮೆ ಮಕ್ಕಳನ್ನು ಬಯಸಿದರು. ಹೆಣ್ಣುಮಕ್ಕಳು ಶಾಲೆಗೆ ಹೋದರು, ಮದುವೆಯ ವಯಸ್ಸು ಮುಂದೆ ಹೋಯಿತು. ಹಳೆಯ ಮೈಸೂರು ಸರಕಾರ 1930ರಷ್ಟು ಹಿಂದೆಯೇ ಗರ್ಭನಿರೋಧಕ ಸಲಹಾ ಕೇಂದ್ರಗಳನ್ನು ತೆರೆಯಲು ಆದೇಶ ಹೊರಡಿಸಿತ್ತು ಎಂಬುದು ಹಲವರಿಗೆ ತಿಳಿಯದು. ಐವತ್ತರ ದಶಕದ ಮೊದಲಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕುಟುಂಬ ಯೋಜನೆಯ ಪ್ರಯೋಗ ನಡೆದ ಊರುಗಳಲ್ಲಿ ಮದ್ದೂರಿನ ಪಕ್ಕದ ರಾಮನಗರವೂ ಒಂದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು. ಒಂದು ತಲೆಮಾರಿನ ಜಾಗವನ್ನು ಮುಂದಿನ ತಲೆಮಾರು ತುಂಬಲು 2.1 ಬೇಕು.

ಇನ್ನೊಂದು ಕಾರಣ ವಲಸೆ. ಘಾತೀಯ ಸೂತ್ರವನ್ನು ಮುಂದಿನ ಕಾಲಕ್ಕೆ ಚಾಚುವವರು ಊರನ್ನು ಮುಚ್ಚಳ ಹಾಕಿದ ಪಾತ್ರೆ ಎಂದು ಭಾವಿಸುತ್ತಾರೆ. ಒಳಗೆ ಬರುವವರಿಲ್ಲ, ಹೊರಗೆ ಹೋಗುವವರಿಲ್ಲ. ಮಂಡ್ಯ, ಮದ್ದೂರು ನಿಲ್ದಾಣಗಳಲ್ಲಿ ಬೆಳಗಿನ ಹೊತ್ತು ಬೆಂಗಳೂರು ರೈಲಿಗೆ ಕಾಯುವವರನ್ನು ನೋಡಿದವರು ಇದನ್ನು ನಂಬಲಾರರು. ಅವರಲ್ಲಿ ದಿನವೂ ಹಿಂದಿರುಗುವವರು ಕೆಲವರು, ಬಾಡಿಗೆ ಮನೆ ಹಿಡಿದು ಅಲ್ಲೇ ಉಳಿದವರು ಹಲವರು. 2001–2011ರಲ್ಲಿ ಮಂಡ್ಯ ಜಿಲ್ಲೆ ನೂರಕ್ಕೆ ಎರಡೂವರೆಯಷ್ಟೂ ಬೆಳೆಯದಿದ್ದಾಗ ಬೆಂಗಳೂರು ನಗರ ಜಿಲ್ಲೆ ನೂರಕ್ಕೆ 47ರಷ್ಟು ಬೆಳೆಯಿತು. ಆ 47ರಲ್ಲಿ ಮಂಡ್ಯದವರೂ ಇದ್ದಾರೆ. ಆದ್ದರಿಂದ ಮಂಡ್ಯದ 0.24 ಎಂಬುದು ಹೆರಿಗೆ ಕೋಣೆಯ ಲೆಕ್ಕ ಮಾತ್ರವಲ್ಲ, ಬಸ್‌ಸ್ಟ್ಯಾಂಡಿನ ಲೆಕ್ಕವೂ ಹೌದು.

ದ್ವಿತೀಯ ಪಿಯುಸಿಯ ಜೀವಶಾಸ್ತ್ರ ಪುಸ್ತಕ ಇದನ್ನು ಮರೆಮಾಚಿಲ್ಲ ಎಂಬುದನ್ನು ಹೇಳಲೇಬೇಕು. ಅದರಲ್ಲಿ ಜನನ, ಮರಣ, ಒಳವಲಸೆ, ಹೊರವಲಸೆ ನಾಲ್ಕೂ ಇವೆ. ಘಾತೀಯ ಸೂತ್ರದ ಬೆನ್ನಿಗೆ ಇನ್ನೊಂದು ಸೂತ್ರವೂ ಇದೆ. 1838ರಲ್ಲಿ ಬೆಲ್ಜಿಯಮ್ಮಿನ ವರ್ಹುಲ್ಸ್ಟ್ ಕೊಟ್ಟದ್ದು. ಕೆರೆಯಲ್ಲಿ ಅಂತರಗಂಗೆ ಮೊದಮೊದಲು ದುಪ್ಪಟ್ಟಾಗುತ್ತ ಹರಡುತ್ತದೆ, ಆದರೆ ಕೆರೆಗೆ ದಡವಿದೆ, ದಡ ಹತ್ತಿರ ಬಂದಂತೆ ಹರಡುವ ವೇಗ ತಗ್ಗುತ್ತದೆ ಎಂಬುದು ಅದರ ಸಾರ. ವೇದಿಕೆಯ ಭಾಷಣಕಾರರು ಮೊದಲ ಸೂತ್ರಕ್ಕೇ ಪುಸ್ತಕ ಮುಚ್ಚಿಬಿಡುತ್ತಾರೆ. ಹಾಗೆಂದು ಎರಡನೆಯ ಸೂತ್ರವೂ ಮನುಷ್ಯನನ್ನು ಪೂರ್ತಿ ಹಿಡಿಯಲಾರದು. ಅಂತರಗಂಗೆ ನಿಲ್ಲುವುದು ದಡಕ್ಕೆ ಬಡಿದಾಗ. ಮಂಡ್ಯದ ತಾಯಿ ಎರಡು ಮಕ್ಕಳಿಗೆ ಸಾಕೆಂದದ್ದು ಅನ್ನ ಮುಗಿದಾಗ ಅಲ್ಲ, ನಾಲೆಯಲ್ಲಿ ನೀರು ಹರಿದು ಅನ್ನ ಹೆಚ್ಚಿದ ಕಾಲದಲ್ಲಿ. ಮಾಲ್ಥಸ್ ಎಡವಿದ್ದು ಇಲ್ಲಿಯೇ.

ಒಮ್ಮೆ ಮದ್ದೂರಿನಿಂದ ಮಳವಳ್ಳಿಗೆ ಬಸ್ಸಿನಲ್ಲಿ ಹೋಗುವಾಗ ಪಕ್ಕದಲ್ಲಿದ್ದ ಹಿರಿಯ ರೈತರೊಬ್ಬರಿಗೆ ಈ ಬಡ್ಡಿಯ ಹೋಲಿಕೆಯನ್ನು ಹೇಳಿದೆವು. ಅವರು ಕೇಳಿಸಿಕೊಂಡು, “ಬಡ್ಡಿಗೇನ್ ಬುಡಿ ಸಾಬ್ರೇ, ಅದು ಉಣ್ಣಾಕಿಲ್ಲ, ಮಲಗಾಕಿಲ್ಲ, ಮಳೆ ಬಂದ್ರೂ ಬೆಳೀತದೆ, ಬರ ಬಂದ್ರೂ ಬೆಳೀತದೆ. ಜನ ಹಂಗಾ?” ಎಂದರು. “ಇಲ್ಲ ಗೌಡ್ರೇ” ಎಂದೆವು. ವಿಮರ್ಶೆಯ ತಿರುಳೆಲ್ಲ ಆ ಒಂದು ಪ್ರಶ್ನೆಯಲ್ಲಿತ್ತು.

ಭಯದ ಲೆಕ್ಕ

ಈಗ ಹೇಳದೆ ಬಿಡಲಾಗದ ಮಾತಿಗೆ ಬರೋಣ. ಜನಸಂಖ್ಯೆಯ ಭಯ ನಮ್ಮ ದೇಶದಲ್ಲಿ ಬಡವರ ಮೇಲಿನಿಂದ ನಿಧಾನವಾಗಿ ಒಂದು ಸಮುದಾಯದ ಮೇಲೆ ಬಂದು ಕುಳಿತಿದೆ. ‘ಅವರು’ ಬೆಳೆಯುತ್ತಿದ್ದಾರೆ, ‘ನಾವು’ ಕಡಿಮೆಯಾಗುತ್ತಿದ್ದೇವೆ ಎಂಬ ಮಾತು ಮುಸ್ಲಿಮರು ನೂರಕ್ಕೆ ಸುಮಾರು ನಾಲ್ವರಷ್ಟೇ ಇರುವ ಮಂಡ್ಯ ಜಿಲ್ಲೆಯಲ್ಲೂ ಕೇಳುತ್ತದೆ. 2024ರ ಸೆಪ್ಟೆಂಬರಿನಲ್ಲಿ ನಾಗಮಂಗಲದಲ್ಲಿ, 2025ರ ಸೆಪ್ಟೆಂಬರಿನಲ್ಲಿ ಮದ್ದೂರಿನಲ್ಲಿ ಗಣೇಶ ಮೆರವಣಿಗೆಯ ವೇಳೆ ಅಹಿತಕರ ಘಟನೆಗಳು ನಡೆದವು. ಅವುಗಳ ಕಾರಣಗಳನ್ನು ಚರ್ಚಿಸುವ ಜಾಗ ಇದಲ್ಲ. ಆದರೆ ಮನಸ್ಸುಗಳು ಕದಡಿದ ಊರಿನಲ್ಲಿ ಅರ್ಧಂಬರ್ಧ ಲೆಕ್ಕವೊಂದು ಎಷ್ಟು ಬೇಗ ಹರಡುತ್ತದೆ ಎಂಬುದು ಎಲ್ಲರಿಗೂ ತಿಳಿದದ್ದೇ.

ಎರಡು ಉದಾಹರಣೆಗಳನ್ನು ನೋಡೋಣ. 2004ರ ಸೆಪ್ಟೆಂಬರಿನಲ್ಲಿ 2001ರ ಗಣತಿಯ ಧರ್ಮವಾರು ಅಂಕಿ ಅಂಶಗಳು ಪ್ರಕಟವಾದವು. ಹತ್ತು ವರ್ಷಗಳಲ್ಲಿ ಮುಸ್ಲಿಮರ ಬೆಳವಣಿಗೆ ಶೇಕಡಾ 36, ಹಿಂದಿನ ದಶಕಕ್ಕಿಂತ ಹೆಚ್ಚು ಎಂದು ಸುದ್ದಿಯಾಯಿತು. ಗದ್ದಲವೆದ್ದಿತು. ಆದರೆ 1991ರಲ್ಲಿ ಜಮ್ಮು ಮತ್ತು ಕಾಶ್ಮೀರದಲ್ಲಿ ಗಣತಿಯೇ ನಡೆದಿರಲಿಲ್ಲ. ಅಸ್ಸಾಮಿನಲ್ಲಿ 1981ರಲ್ಲಿ ನಡೆದಿರಲಿಲ್ಲ. ಮೊದಲ ಲೆಕ್ಕದಲ್ಲಿ ಕಾಶ್ಮೀರವಿಲ್ಲ, ಎರಡನೆಯ ಲೆಕ್ಕದಲ್ಲಿದೆ. ಎಣಿಸದೆ ಬಿಟ್ಟಿದ್ದವರೆಲ್ಲ ಹತ್ತು ವರ್ಷದಲ್ಲಿ ಹೊಸದಾಗಿ ಹುಟ್ಟಿದವರಂತೆ ಕಂಡರು. ಆ ಎರಡು ರಾಜ್ಯಗಳನ್ನು ಬಿಟ್ಟು ಲೆಕ್ಕ ಹಾಕಿದಾಗ ದರ 29ರ ಆಸುಪಾಸಿಗೆ ಇಳಿಯಿತು. ಹಿಂದಿನ ದಶಕಕ್ಕಿಂತ ಕಡಿಮೆ! ಏರಿದೆ ಎಂದಿದ್ದು ಇಳಿದಿತ್ತು. ತಿದ್ದುಪಡಿ ಬರುವಷ್ಟರಲ್ಲಿ ಮೊದಲ ಸುದ್ದಿ ಊರೂರು ಸುತ್ತಿ ಬಂದಿತ್ತು.

2024ರ ಮೇ ತಿಂಗಳಲ್ಲಿ, ಲೋಕಸಭಾ ಚುನಾವಣೆ ನಡೆಯುತ್ತಿದ್ದಾಗ, ಪ್ರಧಾನಮಂತ್ರಿಯವರ ಆರ್ಥಿಕ ಸಲಹಾ ಮಂಡಳಿಯ ಒಂದು ಪ್ರಬಂಧ ಹೊರಬಂತು. 1950ರಿಂದ 2015ರವರೆಗೆ ಮುಸ್ಲಿಮರ ಪಾಲು 43.15 ಶೇಕಡಾ ಹೆಚ್ಚಿದೆ ಎಂಬುದು ಹಲವು ಕಡೆ ತಲೆಬರಹವಾಯಿತು. ವಾಸ್ತವದಲ್ಲಿ ನೂರಕ್ಕೆ 9.84 ಇದ್ದ ಪಾಲು 14.09 ಆಗಿತ್ತು. ಅಂದರೆ 65 ವರ್ಷಗಳಲ್ಲಿ ನೂರು ಜನರಲ್ಲಿ ನಾಲ್ವರಷ್ಟು ಹೆಚ್ಚಳ. 4.25ನ್ನು 9.84ರಿಂದ ಭಾಗಿಸಿದರೆ 43 ಬರುತ್ತದೆ, ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಶೇಕಡಾವಾರಿನ ಮೇಲೆ ಮತ್ತೊಂದು ಶೇಕಡಾವಾರು ಹಾಕಿದ್ದೇವೆ ಎಂಬುದನ್ನು ತಲೆಬರಹ ಹೇಳಲಿಲ್ಲ. ನೂರಕ್ಕೆ 43 ಜನ ಹೆಚ್ಚಿದರು ಎಂದೇ ಸಾಮಾನ್ಯ ಓದುಗ ತಿಳಿದ.

ಇನ್ನು, ಒಂದು ದಿನ ಮುಸ್ಲಿಮರು ಬಹುಸಂಖ್ಯಾತರಾಗುತ್ತಾರೆ ಎಂಬ ಮಾತು. ಅದನ್ನೂ ಇದೇ ಸೂತ್ರದಿಂದ ಪರೀಕ್ಷಿಸೋಣ. 2011ರಲ್ಲಿ ಹಿಂದೂಗಳು 96.63 ಕೋಟಿ, ಮುಸ್ಲಿಮರು 17.22 ಕೋಟಿ. ಆ ದಶಕದ ಬೆಳವಣಿಗೆ ಕ್ರಮವಾಗಿ ಶೇಕಡಾ 16.8 ಮತ್ತು 24.6. ಇವೇ ದರಗಳು ಒಂದಿಷ್ಟೂ ಬದಲಾಗದೆ ಮುಂದುವರಿದರೆ ಇಬ್ಬರೂ ಸಮವಾಗಲು 2011ರಿಂದ ಸುಮಾರು 265 ವರ್ಷ ಬೇಕು. ಆಗ ಎಷ್ಟೆಷ್ಟು ಜನ ಇರುತ್ತಾರೆ ಎಂದು ಹೆದರಿಸುವವರು ಹೇಳುವುದಿಲ್ಲ. ಅದೇ ಸೂತ್ರ ಅದನ್ನೂ ಹೇಳುತ್ತದೆ: ತಲಾ ಸುಮಾರು ಆರು ಸಾವಿರ ಕೋಟಿ. ಇಂದು ಇಡೀ ಭೂಮಿಯ ಮೇಲೆ ಇರುವವರು ಎಂಟು ನೂರು ಕೋಟಿ ಚಿಲ್ಲರೆ. ಭಾರತವೊಂದರಲ್ಲೇ ಹನ್ನೆರಡು ಸಾವಿರ ಕೋಟಿ ಜನ! ಇಂಥ ಉತ್ತರ ಬಂದಾಗ ಬುದ್ಧಿವಂತನಾದವನು ಹೆದರುವುದಿಲ್ಲ, ದರ ಬದಲಾಗುವುದಿಲ್ಲ ಎಂಬ ಊಹೆಯೇ ತಪ್ಪೆಂದು ತಿಳಿಯುತ್ತಾನೆ.

ದರಗಳು ಬದಲಾಗುತ್ತಲೂ ಇವೆ. 1992–93ರಲ್ಲಿ ಮುಸ್ಲಿಮ್ ಮಹಿಳೆಗೆ ಸರಾಸರಿ 4.4 ಮಕ್ಕಳು, ಹಿಂದೂ ಮಹಿಳೆಗೆ 3.3. 2019–21ರಲ್ಲಿ 2.36 ಮತ್ತು 1.94. ಎರಡೂ ಇಳಿದಿವೆ, ಮುಸ್ಲಿಮರದ್ದು ಹೆಚ್ಚು ವೇಗವಾಗಿ ಇಳಿದಿದೆ. ಬಿಹಾರದ ಹಿಂದೂ ಮಹಿಳೆಯ ಸರಾಸರಿ ದಕ್ಷಿಣದ ರಾಜ್ಯಗಳ ಮುಸ್ಲಿಮ್ ಮಹಿಳೆಯ ಸರಾಸರಿಗಿಂತ ಹೆಚ್ಚು. ಹಾಗಾದರೆ ದರವನ್ನು ನಿರ್ಧರಿಸುವುದು ಧರ್ಮವೋ, ಅಥವಾ ಶಾಲೆ, ಆಸ್ಪತ್ರೆ, ಆದಾಯಗಳೋ?

ನಮ್ಮ ಕಡೆಯ ತಪ್ಪು

ಅನ್ಯರ ಲೆಕ್ಕವನ್ನು ತಿದ್ದುವಾಗ ನಮ್ಮದನ್ನೂ ನೋಡಿಕೊಳ್ಳಬೇಕು. ಜನಸಂಖ್ಯೆಯ ಮಾತು ಬಂದಾಗ ನಮ್ಮ ಸಮುದಾಯದಲ್ಲಿ ಎರಡು ಬಗೆಯ ಪ್ರತಿಕ್ರಿಯೆಗಳಿವೆ. ಕೆಲವರು ಸಂಖ್ಯೆಯನ್ನೇ ಬಲವೆಂದು ತಿಳಿದು ಒಳಗೊಳಗೆ ಹೆಮ್ಮೆ ಪಡುತ್ತಾರೆ. ಇವರೂ ಹೆದರಿಸುವವನ ಸೂತ್ರವನ್ನೇ ನಂಬಿದವರು, ಅವನು ಭಯಪಟ್ಟರೆ ಇವರು ಸಂತೋಷಪಡುತ್ತಾರೆ ಅಷ್ಟೆ. ಇನ್ನು ಕೆಲವರು ‘ನೋಡಿ, ನಾವು ಕಡಿಮೆಯಾಗುತ್ತಿದ್ದೇವೆ’ ಎಂದು ಇಳಿಯುವ ದರವನ್ನು ಒಳ್ಳೆಯ ನಡತೆಯ ಪ್ರಮಾಣಪತ್ರದಂತೆ ಹಿಡಿದು ನಿಲ್ಲುತ್ತಾರೆ. ಒಂದು ಮಗು ಹುಟ್ಟಿದ್ದಕ್ಕೆ ಯಾವ ಸಮುದಾಯವೂ ಯಾರ ಮುಂದೆಯೂ ಸಮಜಾಯಿಷಿ ಕೊಡಬೇಕಾಗಿಲ್ಲ.

ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ. 2.36 ಮತ್ತು 1.94ರ ನಡುವೆ ಉಳಿದಿರುವ ಅಂತರ ಎಲ್ಲಿಂದ ಬಂತು? ಅದರ ದೊಡ್ಡ ಪಾಲು ನಮ್ಮ ಹೆಣ್ಣುಮಕ್ಕಳು ಬೇಗ ಶಾಲೆ ಬಿಡುವುದರಿಂದ, ಬಡತನದಿಂದ ಬಂದದ್ದು. ಆ ಅಂತರ ನಮಗೆ ಮುಖ್ಯವಾಗಬೇಕಾದದ್ದು ಯಾರೋ ಹೆದರುತ್ತಾರೆಂದಲ್ಲ, ಶಾಲೆ ಬಿಟ್ಟವಳು ನಮ್ಮ ಮಗಳು ಎಂದು.

ಇಳಿದ ದರದ ನೆರಳು

ದರ ಇಳಿದರೆ ಎಲ್ಲವೂ ಸರಿಯಾಯಿತು ಎನ್ನುವುದೂ ಅದೇ ತಪ್ಪಿನ ಇನ್ನೊಂದು ಮುಖ. ಮಕ್ಕಳು ಇಬ್ಬರೇ ಸಾಕು, ಆದರೆ ಅವರಲ್ಲೊಬ್ಬ ಗಂಡಾಗಲೇಬೇಕು ಎಂಬ ಹಟ ಮನೆಯಲ್ಲಿದ್ದರೆ ಏನಾಗುತ್ತದೆ? 2023ರ ಕೊನೆಯಲ್ಲಿ ಬೆಂಗಳೂರು ಪೊಲೀಸರು ಹೆಣ್ಣು ಭ್ರೂಣಹತ್ಯೆಯ ಜಾಲವೊಂದನ್ನು ಬಯಲಿಗೆಳೆದಾಗ, ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಗರ್ಭದ ಲಿಂಗ ಪತ್ತೆ ಮಾಡುತ್ತಿದ್ದ ವಿಷಯ ಹೊರಬಂತು. ಬೆಲ್ಲ ಕಾಯಿಸುವ ಜಾಗದಲ್ಲಿ! 2011ರ ಗಣತಿಯಲ್ಲಿ ರಾಜ್ಯದಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ 948 ಹೆಣ್ಣುಮಕ್ಕಳು. ಮಂಡ್ಯದಲ್ಲಿ ಅದಕ್ಕಿಂತಲೂ ಕಡಿಮೆ. ಸೂತ್ರದ ಒಂದೇ ಒಂದು ದರ ಇದನ್ನು ತೋರಿಸದು. ಹುಟ್ಟದೆ ಹೋದ ಹೆಣ್ಣುಮಗುವಿನಿಂದಲೂ ದರ ಇಳಿಯುತ್ತದೆ, ಓದಿದ ತಾಯಿಯ ತೀರ್ಮಾನದಿಂದಲೂ ಇಳಿಯುತ್ತದೆ. ಲೆಕ್ಕದ ಪುಸ್ತಕದಲ್ಲಿ ಎರಡೂ ಒಂದೇ.

ಕೆ.ಎಂ. ದೊಡ್ಡಿಯಿಂದ ಹೊರಟ ಆ ಯುವಕರನ್ನು ಈಗ ಮತ್ತೆ ನೆನೆಯೋಣ. ಅವರ ತೊಂದರೆಗೆ ಕಾರಣ ಒಂದೇ ಅಲ್ಲ. ಬೇಸಾಯದಲ್ಲಿ ಆದಾಯವಿಲ್ಲ, ಓದಿದ ಹುಡುಗಿಯರು ಹಳ್ಳಿಗೆ ಬರಲು ಒಪ್ಪುವುದಿಲ್ಲ, ಕೆಲಸ ಹುಡುಕಿ ಅವರೂ ನಗರಕ್ಕೆ ಹೋಗುತ್ತಾರೆ. ಇವುಗಳ ಜೊತೆಗೆ, ಇಪ್ಪತ್ತೈದು ಮೂವತ್ತು ವರ್ಷಗಳ ಹಿಂದೆ ಹುಟ್ಟಬೇಕಾಗಿದ್ದ ಕೆಲವು ಹೆಣ್ಣುಮಕ್ಕಳು ಹುಟ್ಟಲಿಲ್ಲ. ಸ್ಫೋಟದ ಭಯದಲ್ಲಿ ಬೆಳೆದ ಸೀಮೆ ಈಗ ಬರಿದಾಗುವ ಚಿಂತೆಯ ಹೊಸ್ತಿಲಲ್ಲಿ ನಿಂತಿದೆ. ಈ ಚಿಂತೆಯನ್ನೂ ಯಾರಾದರೂ ನೇರ ಗೆರೆ ಎಳೆದು ಮುಂದಿನ ನೂರು ವರ್ಷಕ್ಕೆ ಚಾಚಿ ಹೆದರಿಸಲು ಬಂದರೆ ನಾವು ಅದೇ ಪ್ರಶ್ನೆ ಕೇಳಬೇಕು: ಜನ ಹಂಗಾ?

ಗಣತಿಯವರು ಬಂದಾಗ

2021ರಲ್ಲಿ ನಡೆಯಬೇಕಿದ್ದ ಜನಗಣತಿ ಮುಂದಕ್ಕೆ ಹೋಯಿತು. 2027ರ ಮಾರ್ಚ್ 1ನ್ನು ಉಲ್ಲೇಖ ದಿನವಾಗಿಟ್ಟುಕೊಂಡ ಗಣತಿಯ ಅಧಿಸೂಚನೆ 2025ರ ಜೂನಿನಲ್ಲಿ ಹೊರಬಂತು. 2011ರ ನಂತರ ಮಂಡ್ಯ ನಗರದಲ್ಲಿ ಇಷ್ಟು ಜನ, ಮದ್ದೂರಿನಲ್ಲಿ ಇಷ್ಟು, ಮಳವಳ್ಳಿಯಲ್ಲಿ ಇಷ್ಟು ಎಂದು ಅಲ್ಲಲ್ಲಿ ಕಾಣುವ ಸಂಖ್ಯೆಗಳು ಎಣಿಕೆಯಲ್ಲ. ಹಳೆಯ ದರವನ್ನು ಸೂತ್ರಕ್ಕೆ ಹಾಕಿ ತೆಗೆದ ಅಂದಾಜುಗಳು. ಅಂದಾಜು ಬೇಕು. ಶಾಲೆ ಕಟ್ಟಲು, ಕುಡಿಯುವ ನೀರಿನ ಯೋಜನೆ ಮಾಡಲು, ಪಡಿತರ ಹಂಚಲು ಐದು ಹತ್ತು ವರ್ಷ ಮುಂದಕ್ಕೆ ನೋಡಲೇಬೇಕು. ಅಷ್ಟು ದೂರಕ್ಕೆ ಈ ಸೂತ್ರ ಒಳ್ಳೆಯ ಲಾಂದ್ರ. ಅದನ್ನೇ ಹಿಡಿದು ಇನ್ನೂರು ವರ್ಷದಾಚೆಯ ದೆವ್ವಗಳನ್ನು ತೋರಿಸುವವರ ಬಗ್ಗೆ ಮಾತ್ರ ಎಚ್ಚರವಿರಬೇಕು.

ಹೊಸ ಅಂಕಿ ಅಂಶಗಳು ಬಂದಾಗ ಮತ್ತೆ ತಲೆಬರಹಗಳು ಬರುತ್ತವೆ, ಮೊಬೈಲುಗಳಲ್ಲಿ ಸಂದೇಶಗಳು ಹರಿದಾಡುತ್ತವೆ. ಆಗ ಓದುಗರು, ಅವರು ಯಾವ ಧರ್ಮದವರೇ ಆಗಿರಲಿ, ಕೆಲವು ಸರಳ ಪ್ರಶ್ನೆಗಳನ್ನು ಕೇಳಲಿ ಎಂಬುದು ನಮ್ಮ ಕೋರಿಕೆ. ಮೊದಲ ಲೆಕ್ಕ ಮತ್ತು ಎರಡನೆಯ ಲೆಕ್ಕ ಒಂದೇ ಪ್ರದೇಶದ್ದೇ? ಹೇಳುತ್ತಿರುವುದು ಜನರ ಹೆಚ್ಚಳವೋ, ಪಾಲಿನ ಹೆಚ್ಚಳವೋ? ಹೆಚ್ಚಿದವರು ಹುಟ್ಟಿದವರೋ, ವಲಸೆ ಬಂದವರೋ? ಹಿಂದಿನ ದಶಕಕ್ಕಿಂತ ದರ ಏರಿದೆಯೋ, ಇಳಿದಿದೆಯೋ? ಈ ನಾಲ್ಕಕ್ಕೂ ಉತ್ತರ ಸಿಗದ ಹೊರತು ಯಾವ ಸಂಖ್ಯೆಯನ್ನೂ ಮುಂದಕ್ಕೆ ಕಳುಹಿಸಬಾರದು.

ಶಿಕ್ಷಕರಲ್ಲೂ ಒಂದು ಮನವಿ. ಮುಂದಿನ ಜುಲೈ 11ರಂದು ‘ಜನಸಂಖ್ಯಾ ಸ್ಫೋಟ’ದ ಬದಲು ಮಕ್ಕಳಿಗೆ ತಮ್ಮದೇ ತಾಲ್ಲೂಕಿನ ಗಣತಿಯ ಅಂಕಿಗಳನ್ನು ಕೊಟ್ಟು ದರ ಕಂಡುಹಿಡಿಯಲು ಹೇಳಿ. ಅಜ್ಜಿಗೆ ಎಷ್ಟು ಮಕ್ಕಳು, ಅಮ್ಮನಿಗೆ ಎಷ್ಟು, ಅವರಲ್ಲಿ ಉಳಿದವರೆಷ್ಟು, ಊರು ಬಿಟ್ಟವರೆಷ್ಟು ಎಂದು ಮನೆಯಲ್ಲಿ ಕೇಳಿ ಬರೆಯಲಿ. ಮುಸ್ಲಿಮ್ ಮನೆಯ ಹುಡುಗನೂ ಗೌಡರ ಮನೆಯ ಹುಡುಗಿಯೂ ತಮ್ಮ ತಮ್ಮ ಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಲಿ. ಎರಡು ಪಟ್ಟಿಗಳೂ ಎಷ್ಟೊಂದು ಹೋಲುತ್ತವೆ ಎಂಬುದು ಅವರಿಗೇ ಗೊತ್ತಾಗುತ್ತದೆ.